ವ್ಯಾನ್ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ

ಪ್ರಶ್ನೆ: ನಮ್ಮದು ಕೆಂಗಲ್ ಬಳಿಯ ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಓರಗೆಯ ಮಕ್ಕಳೆಲ್ಲ ವ್ಯಾನ್ ಹತ್ತಿ ರಾಮನಗರದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಸಾಲ ಮಾಡಿಯಾದರೂ ಸೇರಿಸಬೇಕೆ?

ಉತ್ತರ: ಸಾಲ ಮಾಡಬೇಡಿ, ಮೊದಲು ಮಗಳ ಕಲಿಕೆಯನ್ನು ಅಳೆಯಿರಿ. ಖಾಸಗಿ ಶಾಲೆಯ ಮಕ್ಕಳು ಹೆಚ್ಚು ಅಂಕ ತರುವುದು ನಿಜ. ಆದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಓದಿದ ಅಪ್ಪ-ಅಮ್ಮ, ಮನೆಪಾಠ, ಹಣದ ಅನುಕೂಲದ ಪಾಲೆಷ್ಟು?

ಇದನ್ನು ಬೇರ್ಪಡಿಸಲೆಂದೇ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಲಾಟರಿಯಲ್ಲಿ ಆಯ್ಕೆಯಾದ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕ ಭರಿಸಲಾಯಿತು. ನಾಲ್ಕು ವರ್ಷಗಳ ನಂತರವೂ ತೆಲುಗು, ಗಣಿತದಲ್ಲಿ ಅವರು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಸ್ಪಷ್ಟ ಮುನ್ನಡೆ ಕಂಡದ್ದು ಹಿಂದಿಯಲ್ಲಿ. ಅದಕ್ಕೆ ಆ ಶಾಲೆಗಳು ಹೆಚ್ಚು ಸಮಯ ಕೊಡುತ್ತಿದ್ದವು. 2015ರಲ್ಲಿ ಪ್ರಕಟವಾದ ಈ ಅಧ್ಯಯನವೇ ಇನ್ನೊಂದು ಮಾತನ್ನೂ ಹೇಳುತ್ತದೆ: ಖಾಸಗಿ ಶಾಲೆಗಳು ಅಷ್ಟೇ ಫಲವನ್ನು ಬಹಳ ಕಡಿಮೆ ಖರ್ಚಿನಲ್ಲಿ ಕೊಟ್ಟವು. ಹಾಗಾಗಿ ಅವು ಕೆಟ್ಟವೆಂದಲ್ಲ, ಬೋರ್ಡು ನೋಡಿ ನಿರ್ಧರಿಸಬೇಡಿ ಎಂದಷ್ಟೇ.

ಮಗಳು ಹೊಸ ಕಥೆಯೊಂದನ್ನು ತಡವರಿಸದೆ ಓದಿ, ತನ್ನ ಮಾತಲ್ಲಿ ಹೇಳುತ್ತಾಳೆಯೇ? ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡುತ್ತಾಳೆಯೇ? ಹೌದಾದರೆ ಶಾಲೆ ಬಿಡಿಸಬೇಡಿ. ಇಲ್ಲವಾದರೆ ಎರಡೂ ಶಾಲೆಗಳಿಗೆ ಹೋಗಿ, ತರಗತಿಗೊಬ್ಬ ಶಿಕ್ಷಕರಿದ್ದಾರೆಯೇ, ನೋಟ್‌ಬುಕ್ ತಿದ್ದುತ್ತಾರೆಯೇ ನೋಡಿ. ವ್ಯಾನಿನಲ್ಲಿ ಕಳೆಯುವ ಹೊತ್ತನ್ನೂ ಲೆಕ್ಕಕ್ಕಿಡಿ.

ಇಂಗ್ಲಿಷೇ ಚಿಂತೆಯಾದರೆ, ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ 2019ರಲ್ಲೇ ಇಂಗ್ಲಿಷ್ ಮಾಧ್ಯಮ ಆರಂಭವಾಗಿದೆ. ನಿಮ್ಮ ಹತ್ತಿರ ಅಂಥ ಶಾಲೆ ಇದೆಯೇ ಎಂದು ಚನ್ನಪಟ್ಟಣದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ.