ಅರ್ಧಕ್ಕೆ ಎದ್ದು ಬಂದ ಪಂದ್ಯ

ಪ್ರೀತಿಯ ಮಗಳೇ,

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಮೆಟ್ಟಿಲಿಳಿಯುವಾಗ ನೀನು ಕೇಳಿದ ಪ್ರಶ್ನೆಗೆ ಅವತ್ತು ಸರಿಯಾದ ಉತ್ತರ ಕೊಡಲಿಲ್ಲ. ಹಿಂದಿನಿಂದ ಜನ ಇಳಿಯುತ್ತಿದ್ದರು, ನಿನ್ನ ಮಗ ಸೆರಗು ಜಗ್ಗುತ್ತಿದ್ದ. "ಮಾಮ, ಇವನಿಗೀಗ ಮೂರೂವರೆ. ಅಂಧೇರಿಗೆ ಫುಟ್‌ಬಾಲ್ ಪಂದ್ಯಕ್ಕೆ ಯಾವಾಗ ಕರ್ಕೊಂಡು ಹೋಗ್ಬಹುದು?" ಎಂದು ಕೇಳಿದೆ. "ಐದು ತುಂಬಲಿ" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಮನೆಗೆ ಬಂದ ಮೇಲೆ ಆ ಮಾತು ಕೊರೆಯತೊಡಗಿತು. ನಿನ್ನ ಹಾಗೆಯೇ ಯೋಚಿಸುತ್ತಿರುವ ಬೇರೆ ತಾಯಿತಂದೆಯರೂ ಇದ್ದಾರು, ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

1968ರಲ್ಲಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಸೇರಿದಾಗ ನನಗೆ ಹದಿನಾಲ್ಕು. ಊರಿನಲ್ಲಿ ಗದ್ದೆ ಕೊಯ್ಲಾದ ಮೇಲೆ ಚಕ್ಕೋತದ ಕಾಯಿಯನ್ನು ಒದ್ದು ಆಡಿದವನು ನಾನು. ನಿಜವಾದ ಚೆಂಡಿನ ಸದ್ದು ಕೇಳಿದ್ದು ಕೂಪರೇಜ್ ಮೈದಾನದಲ್ಲಿ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಗಿರಾಕಿಗಳು ಬರುವ ನಡುವೆ ಸಿಗುತ್ತಿದ್ದ ಹೊತ್ತಿನಲ್ಲಿ ಓಡಿಹೋಗಿ ರೋವರ್ಸ್ ಕಪ್ ಫುಟ್‌ಬಾಲ್ ನೋಡಿ, ರಾತ್ರಿ ಶಾಲೆಯ ಗಂಟೆಗೆ ಮೊದಲು ಓಡಿ ಬರುತ್ತಿದ್ದೆವು. ಒಬ್ಬರು ಹಿರಿಯರು ಯಾವಾಗಲೂ ಒಂದೇ ಜಾಗದಲ್ಲಿ ಕೂರುತ್ತಿದ್ದರು. ನಾನು ಕನ್ನಡದ ಹುಡುಗನೆಂದು ಗೊತ್ತಾದದ್ದೇ ತಡ, ಬೆಂಗಳೂರು ಮುಸ್ಲಿಮ್ಸ್ ತಂಡದ ಕತೆ ಶುರು ಮಾಡಿದರು. 1891ರಲ್ಲಿ ಆರಂಭವಾದ ಈ ಕಪ್ಪನ್ನು ವರ್ಷವರ್ಷವೂ ಬ್ರಿಟಿಷ್ ಪಡೆಗಳೇ ಹೊತ್ತೊಯ್ಯುತ್ತಿದ್ದವಂತೆ. 1937ರಲ್ಲಿ ಮೊದಲ ಬಾರಿಗೆ ಅದನ್ನು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷವೂ ಗೆದ್ದಿತು. ಆ ಮಾತು ಕೇಳಿದ ಸಂಜೆ ಹೋಟೆಲಿನಲ್ಲಿ ಲೋಟ ತೊಳೆಯುವಾಗ ನನ್ನ ಎದೆ ಎಷ್ಟು ಉಬ್ಬಿತ್ತು ಎಂದು ನಿನಗೆ ಹೇಳಿ ಪೂರೈಸದು. ಆ ಕಪ್ ಈಗಿಲ್ಲ. ಹೊಸ ಶತಮಾನದ ಹೊಸ್ತಿಲಲ್ಲಿ ನಿಂತೇ ಹೋಯಿತು.

ಇಷ್ಟು ಹುಚ್ಚಿದ್ದವನಿಗೆ ಮಗ ಹುಟ್ಟಿದರೆ ಏನಾದೀತು ಹೇಳು. ನಾಲ್ಕು ತುಂಬುವುದನ್ನೇ ಕಾದು ಹೆಗಲ ಮೇಲೆ ಕೂರಿಸಿಕೊಂಡು ಕೂಪರೇಜಿಗೆ ಹೋದೆ. ಎಂಬತ್ತರ ದಶಕದ ನಡುವಿನ ಮಾತು. ಕಲ್ಕತ್ತೆಯ ತಂಡ ಆಡುತ್ತಿತ್ತು, ಜನ ಕಿಕ್ಕಿರಿದಿದ್ದರು. ಮೊದಲ ಕಾಲು ಗಂಟೆ ಹುಡುಗ ಖುಷಿಯಾಗಿಯೇ ಇದ್ದ. ಆಮೇಲೆ ಮುಂದಿನ ಸಾಲಿನವರೆಲ್ಲ ಎದ್ದು ಕೂಗತೊಡಗಿದರು. ಅವನಿಗೆ ಕಾಣುತ್ತಿದ್ದದ್ದು ದೊಡ್ಡವರ ಸೊಂಟ ಮಾತ್ರ. "ಅಪ್ಪ, ಮನೆಗೆ" ಎಂದ. "ಇನ್ನೈದು ನಿಮಿಷ ಮಗಾ" ಎಂದೆ. ಮತ್ತೆ ಕೇಳಿದ, ಮತ್ತೆ ಇನ್ನೈದು ನಿಮಿಷ. ನನ್ನ ಕಣ್ಣು ಚೆಂಡಿನ ಮೇಲಿತ್ತು. ಕೊನೆಗೆ ತಿರುಗಿ ನೋಡಿದರೆ ಅವನ ಚಡ್ಡಿ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ, ಎರಡೂ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಾ ನಿಂತಿದ್ದ. ಆಮೇಲೆ ಅವನು ನನ್ನ ಜೊತೆ ಯಾವ ಮೈದಾನಕ್ಕೂ ಬರಲಿಲ್ಲ. ಈಗ ಅವನಿಗೆ ನಲವತ್ತು ದಾಟಿದೆ, ಒಳ್ಳೆಯ ಮಗ. ಆದರೂ ಟಿವಿಯಲ್ಲಿ ಪಂದ್ಯ ಬಂದರೆ ಎದ್ದು ಒಳಗೆ ಹೋಗುತ್ತಾನೆ. ಅವನನ್ನು ನಾಲ್ಕನೇ ವಯಸ್ಸಿಗೆ ಕರೆದೊಯ್ದದ್ದು ತಪ್ಪಲ್ಲ ಮಗಳೇ. ಅವನು ಕೇಳಿದಾಗ ನಾನು ಏಳದೇ ಇದ್ದದ್ದು ತಪ್ಪು.

ಆದ್ದರಿಂದ ಮಗುವಿಗೆ ಎಷ್ಟು ವರ್ಷ ಎಂದು ಲೆಕ್ಕ ಹಾಕುತ್ತಾ ಕೂರಬೇಡ. ಟಿಕೆಟ್ಟಿನ ದುಡ್ಡು ಹೋದರೂ ಸರಿ, ಗೋಲು ತಪ್ಪಿದರೂ ಸರಿ, ಮಗು ಸಾಕು ಎಂದ ಕ್ಷಣ ಎದ್ದು ಬರಲು ನಿನಗೆ ಮನಸ್ಸು ಬಂದಿದೆಯೇ? ಬಂದಿದ್ದರೆ ಮೂರೂವರೆಗೂ ಹೋಗಬಹುದು. ಬಂದಿಲ್ಲವಾದರೆ ಏಳಾದರೂ ಬೇಡ.

ನನಗೆ ಆ ಮನಸ್ಸು ಬರಲು ಮೂವತ್ತು ವರ್ಷದ ಮೇಲೇ ಹಿಡಿಯಿತು. 2018ರ ಜೂನ್ ನಿನಗೂ ನೆನಪಿರಬೇಕು. ಅಂಧೇರಿಯ ಕ್ರೀಡಾ ಸಂಕುಲದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್. ಜೂನ್ 1ರಂದು ಚೈನೀಸ್ ತೈಪೆ ಮೇಲೆ ನಮ್ಮ ಭಾರತ ತಂಡದವರು 5-0 ಗೆದ್ದರೂ ನೋಡಲು ಬಂದಿದ್ದವರು 2,569 ಮಂದಿ. ಮರುದಿನ ತಂಡದ ನಾಯಕ ಸುನಿಲ್ ಛೇತ್ರಿ ವಿಡಿಯೊದಲ್ಲಿ ಕೈಮುಗಿಯುವಂತೆ ಕೇಳಿಕೊಂಡ: ಬನ್ನಿ, ಬೇಕಾದರೆ ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು. 4ನೇ ತಾರೀಕು ಕೀನ್ಯಾ ಜೊತೆ ಪಂದ್ಯ, ಅವನ ನೂರನೆಯದು. ಟಿಕೆಟ್ ಎಲ್ಲ ಖಾಲಿ. ಆರು ವರ್ಷದ ಮೊಮ್ಮಗಳ ಕೈ ಹಿಡಿದು ನಾನೂ ಹೋದೆ. ಶಾಲೆಗೆ ಇನ್ನೂ ರಜೆ.

ಎಂಥ ಮಳೆ ಅಂತೀ! ಮುಂಗಾರು ಆ ಅಂಗಳಕ್ಕೇ ಬಂದು ಸುರಿದ ಹಾಗೆ. ಚೆಂಡು ಒದ್ದಲ್ಲೇ ನೀರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ರೇನ್‌ಕೋಟಿನ ಟೊಪ್ಪಿಯೊಳಗಿಂದ ಹುಡುಗಿ ಕಣ್ಣು ಪಿಳುಕಿಸದೆ ನೋಡಿದಳು. ಅರ್ಧ ಆಟ ಮುಗಿದಾಗ ಯಾರದೂ ಗೋಲಿಲ್ಲ. "ಅಜ್ಜ, ಚಳಿ, ಹಸಿವು" ಎಂದಳು. ನಾನು ಎದ್ದೆ. ಕಾಲು ಬರುತ್ತಿರಲಿಲ್ಲ, ಆದರೂ ಎದ್ದೆ. ಹೊರಗೆ ತಗಡಿನ ಮಾಡಿನ ಕೆಳಗೆ ನಿಂತು ಬಿಸಿ ವಡಾಪಾವ್ ತಿನ್ನುತ್ತಿರುವಾಗ ಒಳಗಿನಿಂದ ಒಂದು ಸದ್ದು ಬಂತು. ಮಳೆಯ ಸದ್ದನ್ನೂ ಮೀರಿದ್ದು. ಅವಳು ಅಗಿಯುವುದನ್ನು ನಿಲ್ಲಿಸಿದಳು. "ಏನಜ್ಜ ಅದು?" "ಗೋಲು ಮಗಾ." ಎರಡನೇ ತುತ್ತು ಇಳಿಯುವಷ್ಟರಲ್ಲಿ ಇನ್ನೊಮ್ಮೆ. 68ನೇ ನಿಮಿಷಕ್ಕೆ ಛೇತ್ರಿ, 71ಕ್ಕೆ ಜೆಜೆ. ಕೊನೆಗೆ 3-0. ಮೂರರಲ್ಲಿ ಒಂದನ್ನೂ ನಾವು ನೋಡಲಿಲ್ಲ. ಮೆಟ್ರೋದಲ್ಲಿ ತೊಡೆಯ ಮೇಲೆ ನಿದ್ದೆ ಹೋಗುವ ಮೊದಲು ಅವಳು ಕೇಳಿದ್ದು, "ಮತ್ತೆ ಯಾವಾಗ ಬರೋದು?"

2022ರ ಅಕ್ಟೋಬರ್ 30ಕ್ಕೆ ನೆರೂಲಿನ ಡಿ.ವೈ. ಪಾಟೀಲ್ ಅಂಗಳದಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ ನಡೆದಾಗ ಅವಳಿಗೆ ಹತ್ತು. ಅವತ್ತು ಕೊನೆಯ ಸೀಟಿಯ ತನಕ ಅಲುಗಲಿಲ್ಲ. ಕೊಲಂಬಿಯಾದ ಹುಡುಗಿಯೊಬ್ಬಳ ಕಾಲಿಗೆ ತಾಗಿ ಚೆಂಡು ಅವರದೇ ಬಲೆಗೆ ಬಿದ್ದು ಸ್ಪೇನ್ 1-0 ಗೆದ್ದಿತು. ಗೆದ್ದವರನ್ನು ಬಿಟ್ಟು ಸೋತ ಆ ಹುಡುಗಿಯನ್ನೇ ನೋಡುತ್ತಾ ಕಣ್ಣು ತುಂಬಿಕೊಂಡಳು.

ನಿನ್ನ ಮಗನಿಗೆ ಮೊದಲು ಚಿಕ್ಕ ಮೈದಾನ ತೋರಿಸು. ಬಾಂದ್ರಾ ರಿಕ್ಲಮೇಶನ್ನಿನಲ್ಲಿ ನೆವಿಲ್ ಡಿಸೋಜಾ ಮೈದಾನವಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ನಮ್ಮ ಮುಂಬೈಯ ಹುಡುಗನ ಹೆಸರು ಅದಕ್ಕೆ. ಅಲ್ಲಿ ಸ್ಥಳೀಯ ಲೀಗ್ ಆಡುತ್ತಾರೆ, ನೂಕುನುಗ್ಗಲಿಲ್ಲ. ಆಟಗಾರರು ಏದುಸಿರು ಬಿಡುವುದು, ಒಬ್ಬರನ್ನೊಬ್ಬರು ಕೂಗುವುದು, ಚೆಂಡು ಕಂಬಕ್ಕೆ ಬಡಿಯುವುದು ಎಲ್ಲ ಹತ್ತಿರದಿಂದ ಕೇಳುತ್ತದೆ. ಮಗು ಚೆಂಡು ನೋಡದೆ ಮೂಲೆಯಲ್ಲಿ ಇರುವೆ ನೋಡುತ್ತಾ ಕೂತರೂ ಬೇಸರಪಡಬೇಡ, ಕೂರಲಿ.

ಆಮೇಲೆ ಅಂಧೇರಿ. ಮುಂಬೈ ಸಿಟಿ ತಂಡದ ಪಂದ್ಯ ಸಂಜೆ ಏಳೂವರೆಯದ್ದಾದರೆ ಬೇಡ. ಮುಗಿಸಿ ನೀವು ಡೊಂಬಿವಲಿಯ ಮನೆ ಮುಟ್ಟುವಾಗ ರಾತ್ರಿ ಹನ್ನೊಂದು ದಾಟುತ್ತದೆ, ಮಗು ಹೆಗಲ ಮೇಲೆ ಹೆಣಭಾರ. ಭಾನುವಾರ ಐದು ಗಂಟೆಯ ಪಂದ್ಯ ಇದ್ದರೆ ಅದನ್ನೇ ಹಿಡಿ. ಆದರೆ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಲೈನಿಗಿದೆ ಎಂದು ಹಿಂದಿನ ದಿನವೇ ನೋಡಿಕೋ. ಡೋಲು ಬಡಿಯುವ ಅಭಿಮಾನಿಗಳ ಗುಂಪಿನಿಂದ ದೂರ, ದಾರಿಯ ಪಕ್ಕದ ಸೀಟು. ಕಿವಿಗೆ ಹತ್ತಿ ಸಾಲದು, ಮಕ್ಕಳ ಕಿವಿ ಮುಚ್ಚುವ ಹೆಡ್‌ಫೋನಿನಂಥದ್ದು ಸಿಗುತ್ತದೆ, ಕೊಂಡುಕೋ. ಕೂತ ತಕ್ಷಣ ಶೌಚಾಲಯ ಎಲ್ಲಿದೆ ಎಂದು ಅವನಿಗೇ ತೋರಿಸು. ನನ್ನ ಮಗನಿಗೆ ನಾನು ಅದನ್ನೂ ತೋರಿಸಿರಲಿಲ್ಲ.

ಇನ್ನೊಂದು ಮಾತು, ನೀನು ಹೇಳದಿದ್ದರೂ ನನಗೆ ಗೊತ್ತು. ಕಾಲೇಜಿನಲ್ಲಿ ಆಡಿದವಳು ನೀನು. ಮಗು ಹುಟ್ಟಿದ ಮೇಲೆ ಒಂದು ಪಂದ್ಯವನ್ನೂ ನೋಡಿಲ್ಲ. ಅವನ ನೆಪದಲ್ಲಿ ನಿನಗೂ ಹೋಗುವ ಆಸೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವನೊಬ್ಬನನ್ನೇ ಕಟ್ಟಿಕೊಂಡು ಹೋದರೆ ಅವನು ಸಾಕು ಎಂದಾಗ ನೀನೂ "ಇನ್ನೈದು ನಿಮಿಷ" ಎನ್ನುತ್ತೀ.

ಅದಕ್ಕೇ ಮೂರು ಟಿಕೆಟ್ ತೆಗೆ. ಘಾಟ್ಕೋಪರಿನಲ್ಲಿ ಲೋಕಲ್ ಇಳಿದು ಮೆಟ್ರೋಗೆ ಹತ್ತುವ ಸೇತುವೆಯ ಬಾಯಲ್ಲಿ ಆ ಭಾನುವಾರ ಮೂರು ಗಂಟೆಗೆ ನಾನು ನಿಂತಿರುತ್ತೇನೆ. ಆಜಾದ್ ನಗರದಲ್ಲಿ ಇಳಿದರೆ ಅಂಗಳ ಹತ್ತಿರವೇ. ಅವನು ಸಾಕು ಎಂದಾಗ ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ವಡಾಪಾವ್ ಕೊಡಿಸುತ್ತೇನೆ, ಖಾರದ ಚಟ್ನಿ ಹಾಕಿಸುವುದಿಲ್ಲ. ನೀನು ಎರಡನೇ ಅರ್ಧ ಪೂರ್ತಿ ನೋಡಿಕೊಂಡು ಬಾ.

ನಿನ್ನ ಮಾಮ