ಫಾರ್ಮ್ಯಾಟಿಗೆ ಒಪ್ಪದವನ ನಾಲ್ಕು ಮಾತು

ಹಾರ್ಡ್ ಡಿಸ್ಕ್ ಕಾಣಿಸದಿದ್ದ ಮಾತ್ರಕ್ಕೆ ಅದು ಸತ್ತಿತೆಂದು ನಿರ್ಣಯಿಸಿ, ಅದರೊಳಗಿನದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡಲು ಮುಂದಾಗುವ ಪಂಡಿತರು ಕೊಯಮತ್ತೂರಿನ ಗಾಂಧಿಪುರದಲ್ಲಿ ಮಾತ್ರವಲ್ಲದೆ ಎಲ್ಲ ಊರುಗಳಲ್ಲಿಯೂ ಇರುವರೆಂಬುದು ನನ್ನ ದೃಢವಾದ ಶಂಕೆಯಾದುದರಿಂದ, ಮನೆಯ ಗಣಕಯಂತ್ರದಲ್ಲಿ ಲಿನಕ್ಸ್ ಇಟ್ಟುಕೊಂಡಿರುವ ನನ್ನಂಥವರ ಉಪಯೋಗಕ್ಕಾಗಿ ಈ ಅನುಭವವನ್ನು ಬರೆದಿಡುತ್ತಿದ್ದೇನೆ.

ಸಿರುಮುಗೈಯ ನಮ್ಮ ದೇವಾಂಗ ಮನೆಯಲ್ಲಿ ಸೀರೆಯ ವಿನ್ಯಾಸವು ಹಿಂದೆ ಗ್ರಾಫ್ ಹಾಳೆಯ ಮೇಲೆ ಮೂಡಿ, ರಟ್ಟಿನ ಕಾರ್ಡುಗಳಲ್ಲಿ ತೂತಾಗಿ, ಮಗ್ಗದ ಮೇಲಣ ಜಕಾರ್ಡಿಗೆ ಏರುತ್ತಿದ್ದಿತು. ಆ ಕಾರ್ಡುಗಳ ಕಟ್ಟುಗಳು ಅಟ್ಟದ ಮೇಲೆ ಇಂದಿಗೂ ಉಂಟು. ಇಲಿಗಳು ಅಂಚನ್ನು ಕಡಿದಿವೆಯೇ ಹೊರತು, ಒಂದು ಗುಂಡಿಯನ್ನು ಒತ್ತಿ ಅವನ್ನೆಲ್ಲ ಇಲ್ಲವಾಗಿಸಲು ಯಾರಿಂದಲೂ ಆಗಿಲ್ಲ. ಈಚಿನ ವಿನ್ಯಾಸಗಳಾದರೋ, ಸೆರಗು, ಅಂಚು, ಬುಟ್ಟಾ ಸಮೇತ, 1 ಟೆರಾಬೈಟಿನ ಡಿಸ್ಕೊಂದರಲ್ಲಿ ಅಡಗಿದ್ದವು. ಚಿಕ್ಕದೊಂದು ಎಸ್‌ಎಸ್‌ಡಿಯಲ್ಲಿ ಡೆಬಿಯನ್ ಸ್ಥಾಪಿಸಿ, ಯಂತ್ರ ಏಳುವಾಗಲೇ ಈ ಡಿಸ್ಕ್ ತಾನಾಗಿ ಮೌಂಟ್ ಆಗುವಂತೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಸಾಲೊಂದನ್ನು ಬರೆದು ಬೆಂಗಳೂರಿಗೆ ಹೊರಟುಹೋದವನು ನನ್ನ ಸೋದರಳಿಯ. ಅವನ ಸಂಗತಿಗೆ ಆಮೇಲೆ ಬರುತ್ತೇನೆ.

ದೀಪಾವಳಿಯ ಬೇಡಿಕೆ ಕುತ್ತಿಗೆಗೆ ಬಂದಿದ್ದ ಕಾಲದಲ್ಲಿ, ಫ್ಯಾನು ಗರಗರನೆ ಸದ್ದುಮಾಡತೊಡಗಿದ್ದರಿಂದ ಯಂತ್ರವನ್ನು ಅಂಗಡಿಯೊಂದಕ್ಕೆ ಒಯ್ದೆನು. ಅಲ್ಲಿನ ತರುಣನು ಕೇಬಲ್ಲುಗಳನ್ನು ಕಿತ್ತು, ಧೂಳೂದಿ, ಹೊಸ ಫ್ಯಾನ್ ಹಾಕಿ, ಕೇಬಲ್ಲುಗಳನ್ನು ಕೈಗೆ ಬಂದ ಕ್ರಮದಲ್ಲಿ ಸಿಕ್ಕಿಸಿ ಸ್ವಿಚ್ಚನ್ನು ಒತ್ತಿದನು. ಪರಿಚಿತವಾದ ನೀಲಿ ತೆರೆಗೆ ಬದಲಾಗಿ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ, ಯಂತ್ರವು ಎಮರ್ಜೆನ್ಸಿ ಮೋಡಿನಲ್ಲಿರುವುದೆಂದೂ ರೂಟ್ ಪಾಸ್‌ವರ್ಡ್ ಕೊಡಬೇಕೆಂದೂ ಸಾರಿದವು. ಆರ್ಡರ್ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟಿದ್ದ ಆ ಪಾಸ್‌ವರ್ಡನ್ನು ನಾನು ಅಕ್ಷರ ಅಕ್ಷರವಾಗಿ ಓದಿ ಹೇಳಿದೆನು. ದಾಖಲೆಯ ಸಾಲುಗಳು ಸರಸರನೆ ಮೇಲೇರಿ ನಿಂತವು. ಅವುಗಳ ನಡುವೆ ಕೆಂಪು ಸಾಲೊಂದರ ಮೇಲೆ ಬೆರಳಿಟ್ಟ ತರುಣನು, 'ಬ್ಯಾಡ್ ಸೂಪರ್‌ಬ್ಲಾಕ್' ಎಂಬಷ್ಟನ್ನೇ ಓದಿ, 'ಡಿಸ್ಕ್ ಪೋಚ್ಚುಂಗಣ್ಣಾ, ಫಾರ್ಮ್ಯಾಟ್ ಪಣ್ಣಿರಲಾಮ್' (ಡಿಸ್ಕ್ ಹೋಯಿತಣ್ಣಾ, ಫಾರ್ಮ್ಯಾಟ್ ಮಾಡಿಬಿಡೋಣ) ಎಂದು, ನನ್ನ ಉತ್ತರಕ್ಕೂ ಕಾಯದೆ ವಿಂಡೋಸಿನ ಪೆನ್‌ಡ್ರೈವನ್ನು ಚುಚ್ಚಿಯೇಬಿಟ್ಟನು. ಪ್ರತಿಯುಂಟೇ ಎಂದು ಕೇಳಲಿಲ್ಲ. ಒಳಗೇನಿದೆ ಎಂದೂ ಕೇಳಲಿಲ್ಲ. ಬೇಡವೆಂದಾಗ, ನೇಯುವವರಿಗೆ ಲಿನಕ್ಸ್ ಏತಕ್ಕೆ ಎಂದು ಪಕ್ಕದವನನ್ನು ನೋಡಿ ನಕ್ಕನು.

ಆ ನಗೆಯನ್ನು ನಾನು ಸಹಿಸದೆ ಹೋದೆನು. ತೂತಿದ್ದಲ್ಲಿ ಹಾಸಿನ ಎಳೆ ಏಳುವುದು, ಇಲ್ಲದಲ್ಲಿ ಏಳದು ಎಂಬ ನಿಯಮವನ್ನು ಫ್ರಾನ್ಸಿನ ಜಕಾರ್ಡನು 1804ರಲ್ಲಿ ಮಗ್ಗಕ್ಕೆ ಕಲಿಸಿದ ಮೇಲಲ್ಲವೇ ಇಂಗ್ಲೆಂಡಿನ ಬ್ಯಾಬೇಜನು ಅದೇ ಕಾರ್ಡುಗಳನ್ನು ತನ್ನ ಗಣನಯಂತ್ರಕ್ಕೆ ಎರವಲು ಪಡೆಯಬಗೆದುದು? ಇದನ್ನೆಲ್ಲ ಅಲ್ಲಿ ಹೇಳಿ ಫಲವಿರಲಿಲ್ಲ. ಫ್ಯಾನಿನ ಹಣವನ್ನು ಎಣಿಸಿಕೊಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಟ್ಟುಪಾಳಯಂ ಬಸ್ಸನ್ನೇರಿದೆನು. ಹಟಮಾರಿಯೆಂದು ಮನೆಯವರು ನನ್ನನ್ನು ಕರೆಯುವುದುಂಟು. ಆ ದಿನ ವಿನ್ಯಾಸಗಳನ್ನು ಉಳಿಸಿದುದು ಆ ಹಟವೇ.

ರಾತ್ರಿ ಊಟವಾದ ಬಳಿಕ ಅದೇ ಸಾಲನ್ನು ಮೊದಲಿನಿಂದ ಓದಿದೆನು. ಕಡತವ್ಯವಸ್ಥೆಯ ಬಗೆ ತಪ್ಪಿರಬಹುದು, ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಮತ್ತಾವುದೋ ದೋಷವಿರಬಹುದು ಎಂದು ಸಂಶಯಗಳನ್ನು ಪಟ್ಟಿಮಾಡಿದ್ದ ಆ ವಾಕ್ಯದಿಂದ ಒಂದನ್ನು ಮಾತ್ರ ಹೆಕ್ಕಿ ಮರಣಪತ್ರ ಬರೆದವನು ಆ ತರುಣ! ಎಲ್‌ಎಸ್‌ಬಿಎಲ್‌ಕೆ ಎಂಬ ಆದೇಶವನ್ನು ಕೊಟ್ಟೊಡನೆ ಗುಟ್ಟು ಬಯಲಾಯಿತು. ಕೇಬಲ್ಲುಗಳು ಅದಲುಬದಲಾಗಿದ್ದುದರಿಂದ, ಹಿಂದೆ ಎಸ್‌ಡಿಬಿ ಆಗಿದ್ದ ದೊಡ್ಡ ಡಿಸ್ಕ್ ಈಗ ಎಸ್‌ಡಿಎ ಆಗಿದ್ದಿತು. ಅಳಿಯನು ಬರೆದಿದ್ದ 'ಎಸ್‌ಡಿಬಿ1' ಎಂಬ ಹೆಸರು ಎಸ್‌ಎಸ್‌ಡಿಯ ಮೊದಲನೆಯ, ಯಂತ್ರವನ್ನು ಎಬ್ಬಿಸುವ ಪುಟ್ಟ ವಿಭಾಗಕ್ಕೆ ಸಂದಿದ್ದಿತು. ಅದು ಫ್ಯಾಟ್; ಸಾಲಿನಲ್ಲಿ ಬರೆದಿದ್ದುದು ಎಕ್ಸ್ಟ್4. ಪಡಿತರದ ಅಂಗಡಿಯಲ್ಲಿ ಮನುಷ್ಯರನ್ನು ಕಾರ್ಡಿನ ಸಂಖ್ಯೆಯಿಂದ ಗುರುತಿಸದೆ ಸಾಲಿನಲ್ಲಿ ಎರಡನೆಯವನೆಂದು ಗುರುತಿಸಿದರೆ ಒಬ್ಬನ ಅಕ್ಕಿ ಮತ್ತೊಬ್ಬನ ಚೀಲಕ್ಕೆ ಬೀಳುವುದಷ್ಟೆ. ಡೆಬಿಯನ್ ತನ್ನ ಪಾಲಿನ ಸಾಲುಗಳನ್ನು ಯುಯುಐಡಿ ಎಂಬ ಸ್ಥಿರವಾದ ಸಂಖ್ಯೆಯಿಂದಲೇ ಬರೆದುಕೊಂಡಿದ್ದಿತು. ಅದನ್ನು ಕಣ್ಣೆದುರಿಗಿಟ್ಟುಕೊಂಡೂ ಅಡ್ಡದಾರಿ ಹಿಡಿದವನು ನನ್ನ ಅಳಿಯ. ಫೋನಿನಲ್ಲಿ ಕೇಳಿದರೆ, 'ಆಗ ಸರಿಯಾಗಿಯೇ ಇತ್ತಲ್ಲ, ಮಾವಾ' ಎಂಬ ಉತ್ತರ!

ಇನ್ನು ಉಪದೇಶ. ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಹೈಫನ್ ಎಫ್ ಸೇರಿಸಿದರೆ ಪ್ರತಿ ವಿಭಾಗದ ಯುಯುಐಡಿ ಕಾಣುವುದು. ಎಫ್‌ಎಸ್‌ಟ್ಯಾಬಿನಲ್ಲಿ ಅದನ್ನೇ ಬರೆಯತಕ್ಕದ್ದು. ಬ್ಲಾಕ್‌ಐಡಿ ಆದೇಶವು ತೋರಿಸುವ ಪಾರ್ಟ್‌ಯುಯುಐಡಿ ಬೇರೆ. ಒಂದರ ಸ್ಥಾನದಲ್ಲಿ ಮತ್ತೊಂದು ನಡೆಯದು. ವಿನ್ಯಾಸ, ಚಿತ್ರ ಮೊದಲಾದವನ್ನಿಟ್ಟ ಡಿಸ್ಕಿನ ಸಾಲಿಗೆ ನೋಫೇಲ್ ಎಂಬ ಆಯ್ಕೆಯನ್ನು ಸೇರಿಸಿದರೆ, ಆ ಡಿಸ್ಕ್ ಸಿಗದಿದ್ದರೂ ಯಂತ್ರ ಏಳುವುದು. ಸೇರಿಸದಿದ್ದರೆ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಬೀಳುವುದು. ಕಡತವನ್ನು ತಿದ್ದಿದೊಡನೆ ಯಂತ್ರವನ್ನು ಆರಿಸಿ ಹಚ್ಚುವ ಬದಲು ಮೌಂಟ್ ಹೈಫನ್ ಎ ಕೊಟ್ಟರೆ ತಪ್ಪು ಅಲ್ಲಿಯೇ ತಿಳಿಯುವುದು. ವಿಂಡೋಸಿನೊಡನೆ ಹಂಚಿಕೊಳ್ಳುವ ಎನ್‌ಟಿಎಫ್‌ಎಸ್ ಡಿಸ್ಕ್ ಬರೆಯಲು ಬಿಡದಿದ್ದರೆ, ಅತ್ತ ಫಾಸ್ಟ್ ಸ್ಟಾರ್ಟಪ್ ತೆಗೆದು ಪೂರ್ಣವಾಗಿ ಆರಿಸಬೇಕು. ಡಿಸ್ಕ್ ನಿಜವಾಗಿಯೇ ಕೆಡುತ್ತಿದೆಯೋ ಎಂಬುದನ್ನು ಹೇಳಬಲ್ಲುದು ಸ್ಮಾರ್ಟ್ ಪರೀಕ್ಷೆಯೇ ಹೊರತು ಅಂಗಡಿಯವನ ಬೆರಳಲ್ಲ.

ನಾನೀಗ ಇನ್ನೊಂದು ಡಿಸ್ಕಿಗೆ ಪ್ರತಿಯೊಂದನ್ನು ಇಳಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ರೂಟ್ ಪಾಸ್‌ವರ್ಡನ್ನೂ ಬದಲಾಯಿಸಿದ್ದೇನೆ. ಹಬ್ಬಕ್ಕೆ ಬರುವ ಅಳಿಯನಿಗೆ ಹೋಳಿಗೆ ಸಿಗುವುದು, ಅದು ಸಿಗದು.