ಕಸ ಬೀಳಲಿ ಅಂತ ಕಾಯಬೇಡಿ

ಪ್ರಶ್ನೆ: ನಮ್ಮದು ಪಾವಗಡ ತಾಲೂಕು, ತಿರುಮಣಿ ಹತ್ತಿರದ ಹಳ್ಳಿ. ಹೋದ ವರ್ಷ ನಮ್ಮ ಸೀಮೆಹಸು ಚೊಚ್ಚಲು ಕರು ಹಾಕಿತು. ಕರು ಎದ್ದು ನಿಲ್ಲಲಿಲ್ಲ, ಮೊಲೆಗೂ ಬಾಯಿ ಹಾಕಲಿಲ್ಲ. ಕಸ ಬೀಳೋವರೆಗೂ ಹಾಲು ಕರೀಬಾರದು ಅಂದರು ನಮ್ಮತ್ತೆ. ಬೆಳಗ್ಗೆ ಗಿಣ್ಣನ್ನು ಗೊಟ್ಟದಲ್ಲಿ ಕುಡಿಸಿದೆವು. ಮೂರನೇ ದಿನ ಏದುಸಿರು ಬಿಡುತ್ತಾ ಸತ್ತುಹೋಯಿತು. ಅದೇ ಹಸು ಈಗ ತುಂಬು ಗಬ್ಬ. ಈ ಸಲ ಏನು ಮಾಡಬೇಕು? ಗಿಣ್ಣು ಅಷ್ಟೊಂದು ಮುಖ್ಯವೇ?

ಉತ್ತರ: ಕರು ಸತ್ತಿದ್ದು ಮೂರನೇ ದಿನವಾದರೂ ಅದರ ಹಣೆಬರಹ ಮೊದಲ ರಾತ್ರಿಯೇ ತೀರ್ಮಾನವಾದಂತೆ ಕಾಣುತ್ತದೆ. ನಿಮ್ಮತ್ತೆಯವರನ್ನು ದೂರುವ ಹಾಗಿಲ್ಲ. ಕಸ ಬೀಳುವ ಮೊದಲು ಹಾಲು ಕರೆಯಬಾರದು ಎಂಬ ಮಾತು ಪಾವಗಡ ಒಂದರಲ್ಲೇ ಅಲ್ಲ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯೂ ಇದೆ, ಗಡಿಯಾಚೆ ಆಂಧ್ರದ ಹಳ್ಳಿಗಳಲ್ಲೂ ಇದೆ. ಆದರೆ ನಿಜ ಸಂಗತಿ ಇದಕ್ಕೆ ಪೂರ್ತಿ ಉಲ್ಟಾ. ಕರು ಮೊಲೆ ಚೀಪಿದಾಗ ಅಥವಾ ನೀವು ಕೆಚ್ಚಲು ತೊಳೆದು ಹಾಲು ಹಿಂಡಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹಾಲು ಸೊರೆಬಿಡುವುದೂ ಅದರಿಂದಲೇ, ಗರ್ಭಕೋಶ ಹಿಂಡಿಕೊಂಡು ಕಸವನ್ನು ಹೊರಗೆ ತಳ್ಳುವುದೂ ಅದರಿಂದಲೇ. ಹಾಲು ಕರೆದರೆ ಕಸ ಬೇಗ ಬೀಳಲು ಸಹಾಯವೇ ಆಗುತ್ತದೆ ಹೊರತು ತೊಂದರೆಯಿಲ್ಲ. ಸಾಮಾನ್ಯವಾಗಿ ಎಂಟು ಹತ್ತು ಗಂಟೆಯೊಳಗೆ ಕಸ ಬೀಳುತ್ತದೆ. ಹನ್ನೆರಡು ಗಂಟೆ ದಾಟಿದರೆ ಡಾಕ್ಟರಿಗೆ ತಿಳಿಸಿ. ನೇತಾಡುವ ಕಸಕ್ಕೆ ಕಲ್ಲನ್ನೋ ಹಳೇ ಚಪ್ಪಲಿಯನ್ನೋ ಕಟ್ಟುವ ಕೆಲಸ ಮಾತ್ರ ಬೇಡ.

ಗಿಣ್ಣಿನ ವಿಷಯಕ್ಕೆ ಬರೋಣ. ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿಯಲ್ಲಿ ಒಂದು ಪಾಲು ಹೊಟ್ಟೆಯಲ್ಲಿರುವಾಗಲೇ ಬಂದಿರುತ್ತದೆ. ಹಸುವಿನ ಕಸದ ಪದರಗಳು ಅದನ್ನು ಕರುವಿನ ಕಡೆಗೆ ದಾಟಗೊಡುವುದಿಲ್ಲ. ಹಾಗಾಗಿ ಕರು ಬರಿಗೈಯಲ್ಲೇ ಹುಟ್ಟುತ್ತದೆ. ಕೊಟ್ಟಿಗೆಯ ಸಗಣಿ ಗಂಜಲದಲ್ಲಿರುವ ರೋಗಾಣುಗಳನ್ನು ಎದುರಿಸಲು ಅದಕ್ಕೆ ಸಿಗುವ ಆಯುಧ ಗಿಣ್ಣಿನಲ್ಲಿರುವ ಪ್ರತಿಕಾಯಗಳು ಮಾತ್ರ. ಈ ಪ್ರತಿಕಾಯಗಳು ಕರಗದೆ, ಒಡೆಯದೆ, ಇಡಿಯಾಗಿ ಕರುಳಿನಿಂದ ರಕ್ತಕ್ಕೆ ಸೇರಬೇಕು. ಹುಟ್ಟಿದ ಕರುವಿನ ಕರುಳು ಅದಕ್ಕೆ ಬಾಗಿಲು ತೆರೆದೇ ಇಟ್ಟುಕೊಂಡಿರುತ್ತದೆ, ಆದರೆ ಗಂಟೆಗಂಟೆಗೂ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಮೊದಲ ಆರು ಗಂಟೆಯೊಳಗೆ ಕುಡಿದರೆ ಹೆಚ್ಚು ಲಾಭ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಬಿಂದಿಗೆಗಟ್ಟಲೆ ಗಿಣ್ಣು ಕುಡಿಸಿದರೂ ಅದು ಬರೀ ಹಾಲು. 1922ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಎಂಬ ವಿಜ್ಞಾನಿಗಳು ಕೆಲವು ಕರುಗಳಿಗೆ ಗಿಣ್ಣು ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಗಿಣ್ಣು ಸಿಗದವುಗಳಲ್ಲಿ ಬಹುಪಾಲು ಸತ್ತವು, ಸಿಕ್ಕವು ಉಳಿದವು.

ಈ ಪ್ರತಿಕಾಯಗಳು ನಿಮ್ಮ ಅಡುಗೆಮನೆಯಲ್ಲೇ ಕಣ್ಣಿಗೆ ಬೀಳುತ್ತವೆ. ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ತಾನೇ ಗಟ್ಟಿಯಾಗುತ್ತದಲ್ಲ, ಮಾಮೂಲಿ ಹಾಲು ಹಾಗಾಗುವುದಿಲ್ಲ. ಬಿಸಿಗೆ ಹೆಪ್ಪುಗಟ್ಟುವ ಆ ಪ್ರೋಟೀನುಗಳಲ್ಲಿ ಪ್ರತಿಕಾಯಗಳದು ದೊಡ್ಡ ಪಾಲು. ಮೊದಲ ಕರೆತದ ಗಿಣ್ಣು ಗಟ್ಟಿಯಾಗಿ ನಿಲ್ಲುತ್ತದೆ, ಮೂರನೇ ಕರೆತದ್ದು ಅಷ್ಟು ನಿಲ್ಲುವುದಿಲ್ಲ. ಕರುವಿನ ಲೆಕ್ಕದಲ್ಲೂ ಶಕ್ತಿ ಹೀಗೇ ಇಳಿಯುತ್ತಾ ಬರುತ್ತದೆ. ಹೀಗಾಗಿ ಕರುವಿಗೆ ಕೊಡುವ ಗಿಣ್ಣನ್ನು ಒಲೆಯ ಮೇಲೆ ಕಾಯಿಸಬೇಡಿ, ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಮೊದಲ ಕರೆತ ಕರುವಿನದು. ಅಕ್ಕಪಕ್ಕದ ಮನೆಗೆ ಹಂಚುವುದು, ನಾವು ತಿನ್ನುವುದು ಆಮೇಲಿನದು. ಮೊದಲ ನಾಲ್ಕೈದು ದಿನದ ಹಾಲನ್ನು ಡೇರಿಯವರು ಹೇಗೂ ಹಾಕಿಸಿಕೊಳ್ಳುವುದಿಲ್ಲ, ಆದ್ದರಿಂದ ಕರುವಿಗೆ ಕೊಟ್ಟು ನಷ್ಟವಾಯಿತು ಎನ್ನುವ ಮಾತೇ ಇಲ್ಲ. ಗಂಡುಗರು ಹುಟ್ಟಿದರೆ ಗಿಣ್ಣಿನಲ್ಲೂ ಕೈ ಬಿಗಿಹಿಡಿಯುವ ಮನೆಗಳಿವೆ. ಅದು ನನಗೆ ಸರಿ ಕಾಣುವುದಿಲ್ಲ.

ಈಗ ಹಸು ಈಯುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸ. ಕರು ಬಿದ್ದ ತಕ್ಷಣ ಮೂಗು ಬಾಯಿಯ ಲೋಳೆ ತೆಗೆಯಿರಿ. ಹಿಂಗಾಲು ಹಿಡಿದು ತಲೆಕೆಳಗಾಗಿ ನೇತುಹಾಕಿ ಬೀಸುವವರಿದ್ದಾರೆ. ಹಾಗೆ ಹಿಡಿದಾಗ ಸುರಿಯುವ ನೀರಿನಲ್ಲಿ ಬಹಳಷ್ಟು ಹೊಟ್ಟೆಯದೇ ಹೊರತು ಶ್ವಾಸಕೋಶದ್ದಲ್ಲ, ಕರುಳಿನ ಭಾರವೆಲ್ಲ ಎದೆಯ ಮೇಲೆ ಬಿದ್ದು ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಅದರ ಬದಲು ಎದೆಯ ಮೇಲೆ ಕೂರುವ ಹಾಗೆ ಮಲಗಿಸಿ, ಎರಡೂ ಹಿಂಗಾಲು ಮುಂದಕ್ಕೆ ಮಡಚಿ, ರಾಗಿ ಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯಲ್ಲಿ ಆಡಿಸಿ. ಸೀನಿ ತಲೆ ಕೊಡವುತ್ತದೆ. ಆ ಸೀನಿನಲ್ಲಿ ಆಳವಾದ ಉಸಿರು ಒಳಗೆ ಹೋಗುತ್ತದೆ. ಒಣ ಗೋಣಿಚೀಲದಿಂದ ಮೈ ಚೆನ್ನಾಗಿ ತಿಕ್ಕಿ. ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಅರಿಶಿನ, ಬೂದಿ, ಸಗಣಿ ಬೇಡ.

ಚೆನ್ನಾಗಿರುವ ಕರು ಒಂದೆರಡು ಗಂಟೆಯೊಳಗೆ ಎದ್ದು ಮೊಲೆ ಹುಡುಕುತ್ತದೆ. ಹುಡುಕುವಾಗ ಮೂತಿಯನ್ನು ಮೇಲಕ್ಕೆತ್ತಿ ತಾಯಿಯ ತೊಡೆಸಂದಿಯಲ್ಲಿ ತಡಕುವುದು ಅದರ ಹುಟ್ಟುಗುಣ. ಹಳ್ಳಿಕಾರ್ ಹಸುವಿನ ಕೆಚ್ಚಲು ಚಿಕ್ಕದು, ಮೇಲಕ್ಕೇ ಇರುತ್ತದೆ, ಕರುವಿಗೆ ಸುಲಭವಾಗಿ ಸಿಗುತ್ತದೆ. ಸೀಮೆಹಸುವಿನ ಕೆಚ್ಚಲು ಜೋತುಬಿದ್ದಿದ್ದರೆ, ಅದರಲ್ಲೂ ಬಾತುಕೊಂಡಿದ್ದರೆ, ಕರು ಮೇಲೆ ತಡಕುತ್ತಲೇ ಇರುತ್ತದೆ, ಮೊಲೆತೊಟ್ಟು ಅದರ ಗದ್ದದ ಕೆಳಗಿರುತ್ತದೆ. ಇಂಥದನ್ನು ನೋಡಿ ಕರು ನಿತ್ರಾಣ ಎಂದುಕೊಳ್ಳಬೇಡಿ. ತಲೆ ತಗ್ಗಿಸಿ ತೊಟ್ಟನ್ನು ಬಾಯಿಗಿಟ್ಟರೆ ತಾನೇ ಚೀಪುತ್ತದೆ.

ನಿಜವಾಗಿ ನಿತ್ರಾಣವಾದ ಕರುವನ್ನು ತಿಳಿಯಲು ಕೈ ತೊಳೆದು ಒಂದು ಬೆರಳನ್ನು ಅದರ ಬಾಯಿಯೊಳಗೆ, ಅಂಗುಳಿಗೆ ತಾಗುವಂತೆ ಇಡಿ. ಬೆರಳನ್ನು ಎಳೆದು ಚೀಪಿದರೆ ಬಾಟಲಿಗೆ ನಿಪ್ಪಲ್ ಹಾಕಿ ಕುಡಿಸಬಹುದು. ಬಾಯಿಯ ಒಳಗೇ ತಣ್ಣಗಿದ್ದು, ನಾಲಿಗೆ ಸುಮ್ಮನಿದ್ದರೆ ಹಾಲಿಗಿಂತ ಮೊದಲು ಶಾಖ ಬೇಕು. ಮೆಡಿಕಲ್ ಶಾಪಿನ ಮಾಮೂಲಿ ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡಿ. 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸರಿ. 100ಕ್ಕಿಂತ ಕೆಳಗಿಳಿದರೆ ಕರುವಿಗೆ ಶೀತ ಹಿಡಿದಿದೆ. ನಮ್ಮದು ಬಿಸಿಲು ಸೀಮೆ, ಇಲ್ಲೆಲ್ಲಿ ಶೀತ ಅನ್ನಬೇಡಿ. ಒದ್ದೆ ಮೈ, ಸಿಮೆಂಟ್ ನೆಲ, ಬೆಳಗಿನ ಜಾವದ ಗಾಳಿ ಇಷ್ಟಿದ್ದರೆ ಸಾಕು. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಪಕ್ಕೆಗಳಿಗೆ ಒತ್ತಿಡಿ, ಕೆಳಗೆ ದಪ್ಪಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ. ಮುಚ್ಚಿದ ಕೊಟ್ಟಿಗೆಯಲ್ಲಿ ಬೆಂಕಿ ಹಾಕಬೇಡಿ, ಹೊಗೆ ಅದರ ಎಳೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮೈ ಬೆಚ್ಚಗಾದ ಮೇಲೆ ಎಷ್ಟೋ ಕರುಗಳು ತಾವಾಗಿಯೇ ಬೆರಳು ಚೀಪತೊಡಗುತ್ತವೆ.

ಗೊಟ್ಟದ ಮಾತು ಹೇಳಲೇಬೇಕು. ದೊಡ್ಡ ದನಕ್ಕೂ ಅದು ಅಪಾಯವೇ. ಚೀಪುವ ಶಕ್ತಿಯಿಲ್ಲದ ಕರುವಿಗೆ ನುಂಗುವ ಶಕ್ತಿಯೂ ಇರುವುದಿಲ್ಲ. ತಲೆ ಮೇಲೆತ್ತಿ ಸುರಿದ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ, ಎರಡು ಮೂರು ದಿನದಲ್ಲಿ ನ್ಯುಮೋನಿಯಾ ಆಗುತ್ತದೆ. ನೀವು ಬರೆದ ಏದುಸಿರಿನ ಲಕ್ಷಣ ಇದಕ್ಕೆ ಹೊಂದುತ್ತದೆ. ಬಾಟಲಿಯಲ್ಲಿ ಕುಡಿಸುವಾಗಲೂ ಕರು ನಿಂತಿರಬೇಕು ಅಥವಾ ಎದೆಯ ಮೇಲೆ ಕೂತಿರಬೇಕು, ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೇಳಬಾರದು. ತಾನಾಗಿ ಚೀಪಿ ಕುಡಿದ ಹಾಲು ಅನ್ನನಾಳದ ತುದಿಯ ಒಂದು ಮಡಿಕೆಯ ಮೂಲಕ ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ, ಹಾಲು ಜೀರ್ಣವಾಗುವುದು ಅಲ್ಲೇ. ಬೆಚ್ಚಗೆ ಮಾಡಿದರೂ ಚೀಪದಿದ್ದರೆ ಟ್ಯೂಬ್ ಹಾಕಿ ಕುಡಿಸಬೇಕು. ಅದನ್ನು ಡಾಕ್ಟರೋ ಕಲಿತ ಸಿಬ್ಬಂದಿಯೋ ಮಾಡಲಿ.

ಅಳತೆ: ಕರುವಿನ ತೂಕದ ಹತ್ತನೇ ಒಂದು ಪಾಲು. 25 ಕೆಜಿ ಕರುವಿಗೆ ಎರಡೂವರೆ ಲೀಟರ್. ನಿತ್ರಾಣವಾಗಿದ್ದರೆ ಒಂದೇ ಸಲ ಬೇಡ, ಎರಡು ಗಂಟೆಯೊಳಗೆ ಒಂದು ಲೀಟರ್, ಉಳಿದದ್ದು ಆರೇಳು ಗಂಟೆಯೊಳಗೆ ಎರಡು ಮೂರು ಕಂತಿನಲ್ಲಿ. ಹೆಚ್ಚು ಹಾಲಿನ ಹಸುವಾದರೆ ಮೊದಲ ದಿನವೇ ಕೆಚ್ಚಲು ಬರಿದಾಗುವಂತೆ ಹಿಂಡಬೇಡಿ. ರಕ್ತದ ಕ್ಯಾಲ್ಸಿಯಂ ಏಕಾಏಕಿ ಇಳಿದು ಹಸುವೇ ನೆಲ ಹಿಡಿದೀತು. ಊರಲ್ಲಿ ಯಾರ ಹಸುವಾದರೂ ನಿಮಗಿಂತ ಮೊದಲು ಈದರೆ ಅವರ ಮೊದಲ ಕರೆತದಲ್ಲಿ ಎರಡು ಬಾಟಲಿ ಕೇಳಿ ಪಡೆದು ಫ್ರಿಜ್ಜಿನ ಐಸ್ ಭಾಗದಲ್ಲಿಡಿ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಇದೆಲ್ಲ ಈದ ಮೇಲಿನದು. ಕರು ನಿತ್ರಾಣವಾಗಿ ಹುಟ್ಟುವುದಕ್ಕೆ ಹೆರಿಗೆ ಎಳೆದಾಡಿದ್ದೂ ಕಾರಣವಿರಬಹುದು, ತಾಯಿಗೆ ಮೇವು ಸಾಲದ್ದೂ ಇರಬಹುದು. ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆ ಸೋಲಾರ್ ಪಾರ್ಕಿಗೆ ಹೋದ ಮೇಲೆ ದನ ಬಿಟ್ಟು ಮೇಯಿಸುವ ಜಾಗ ಎಷ್ಟು ಉಳಿದಿದೆಯೆಂದು ನಿಮಗೇ ಗೊತ್ತು. ಗುತ್ತಿಗೆ ಹಣ ಬರುತ್ತದೆ, ಹಸಿಹುಲ್ಲು ಬರುವುದಿಲ್ಲ. ಹೊಟ್ಟೆಯಲ್ಲಿ ಕರು ಹೆಚ್ಚು ಬೆಳೆಯುವುದು ಕೊನೆಯ ಎರಡು ಮೂರು ತಿಂಗಳಲ್ಲಿ. ಈಯಲು ಎರಡು ತಿಂಗಳಿರುವಾಗಲೇ ಹಾಲು ಬತ್ತಿಸಿ. ಕಡಲೆಕಾಯಿ ಬಳ್ಳಿ, ಹಿಂಡಿ, ಖನಿಜ ಮಿಶ್ರಣದ ಜೊತೆ ದಿನಕ್ಕೆ ಒಂದಿಷ್ಟಾದರೂ ಹಸಿರು ಸಿಗಲಿ. ಎ ಜೀವಸತ್ವ ಬರುವುದು ಅದರಿಂದಲೇ.

ತೊಂದರೆ ಕಂಡರೆ ಪಶುಪಾಲನಾ ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಫೋನ್ ಮಾಡಿ. ಕರು ಹುಟ್ಟಿ ಎಷ್ಟು ಗಂಟೆಯಾಯಿತು, ಥರ್ಮಾಮೀಟರ್ ಎಷ್ಟು ತೋರಿಸಿತು, ಬೆರಳು ಚೀಪುತ್ತದೋ ಇಲ್ಲವೋ, ಗಿಣ್ಣು ಎಷ್ಟು ಒಳಗೆ ಹೋಗಿದೆ, ಈ ನಾಲ್ಕನ್ನು ಮೊದಲೇ ಹೇಳಿ. ಕರು ಉಳಿದುಕೊಂಡರೆ ಹತ್ತು ಹದಿನೈದು ದಿನಕ್ಕೆ ಜಂತುಹುಳುವಿನ ಔಷಧಿಯನ್ನೂ ಅವರಲ್ಲೇ ಕೇಳಿ ಹಾಕಿಸಿ.